ಮೂರು ಕಾದಂಬರಿ ಅರ್ಧಕ್ಕೆ ನಿಂತಿವೆ, ಆಗಸ್ಟಿನಲ್ಲಿ ಬರೀ 900 ಪದ: ನಾನು ಬತ್ತಿಹೋದೆನಾ?

ಪ್ರಶ್ನೆ: ಸರ್, ನಮಸ್ಕಾರ. ನಾನು ಯಾದಗಿರಿ ಜಿಲ್ಲೆಯ ಶಹಾಪುರದ ಹತ್ತಿರ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಕನ್ನಡ ಶಿಕ್ಷಕಿ. ವಯಸ್ಸು 44. ನಾಲ್ಕು ವರ್ಷದ ಹಿಂದೆ ನನ್ನ ಮೊದಲ ಕಾದಂಬರಿ ಬಂತು. ಓದಿದವರು ಚಲೋ ಅದ ಅಂದರು. ಈಗ ಕೈಯಲ್ಲಿ ಮೂರು ಇವೆ. ಒಂದು, ಗುಳೆ ಹೋಗುವ ಕುಟುಂಬದ್ದು. 140 ಪುಟ ಆಗಿದೆ. ಮಗಳನ್ನು ಕರೆದುಕೊಂಡು ಮುಂಬೈಗೆ ಹೋದ ತಾಯಿ ಊರಿಗೆ ವಾಪಸ್ ಬರಬೇಕೋ ಬೇಡವೋ ಅಂತ ಗೊತ್ತಾಗದೆ ಅಲ್ಲಿಗೇ ನಿಂತಿದ್ದೇನೆ. ಎರಡನೆಯದು 1948ರ ಸುಮಾರಿನ, ನಿಜಾಮನ ಪರ ನಿಂತ ರಜಾಕಾರ ಪಡೆಯವರ ಕಾಲದ್ದು, ನಮ್ಮಜ್ಜಿ ಹೇಳುತ್ತಿದ್ದ ಸಂಗತಿಗಳ ಮೇಲೆ ಕಟ್ಟಿದ್ದು, 60 ಪುಟ. ಮೂರನೆಯದು ಹಾಸ್ಟೆಲ್ ಹುಡುಗಿಯರ ಕಥೆ, 35 ಪುಟ. ನಮ್ಮದೊಂದು ಬರಹಗಾರರ ವಾಟ್ಸಾಪ್ ಗ್ರೂಪ್ ಇದೆ. ಪ್ರತಿ ತಿಂಗಳ ಕೊನೆಗೆ ಎಷ್ಟು ಪದ ಬರೆದೆವು ಅಂತ ಎಲ್ಲರೂ ಅದರಲ್ಲಿ ಹಾಕುತ್ತೇವೆ. ಮೇ ತಿಂಗಳಲ್ಲಿ ನನ್ನದು 14,000. ಜೂನಿನಲ್ಲಿ 3,000. ಆಗಸ್ಟಿನಲ್ಲಿ ಬರೀ 900. ಕಲಬುರಗಿಯ ಗೆಳತಿಯೊಬ್ಬಳು ಪ್ರತಿ ತಿಂಗಳೂ 25,000 ಹಾಕುತ್ತಾಳೆ. ದಿನಾ ಸಾವಿರ ಪದ ಬರೆಯಲೇಬೇಕು ಅಂತ ಒಬ್ಬರು ಹೇಳುತ್ತಾರೆ. ಒಳಗಿನಿಂದ ಬಂದಾಗ ಮಾತ್ರ ಬರಿ ಅಂತ ಇನ್ನೊಬ್ಬರು. ಒಂದು ಮುಗಿಸದೆ ಇನ್ನೊಂದು ಮುಟ್ಟಬೇಡ ಅಂತ ಮತ್ತೊಬ್ಬರು. ಪ್ರಕಾಶಕರು ರಾಜ್ಯೋತ್ಸವಕ್ಕೆ ಒಂದಾದರೂ ಕೊಡಿ ಅಂತಿದ್ದಾರೆ. ನಾನು ಬತ್ತಿಹೋಗಿದ್ದೇನಾ? ಎರಡನ್ನು ಬಿಟ್ಟುಬಿಡಲಾ? ಇನ್ನೊಂದು ಮಾತು, ನಾನು ಜಾಸ್ತಿ ಬರೆಯುವುದು ಮೊಬೈಲಿನಲ್ಲೇ. ಅದು ತಪ್ಪಾ?

ಉತ್ತರ: ಟೀಚರ್, ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಐದಾರಿವೆ. ಅವೆಲ್ಲದರ ಹಿಂದಿರುವ ದಿಗಿಲು ಮಾತ್ರ ಒಂದೇ ಅಂತ ನನಗನಿಸಿತು. ಮೊದಲ ಪುಸ್ತಕ ಹೇಗೋ ಆಗಿಹೋಯಿತು, ಇನ್ನೊಂದು ನನ್ನ ಕೈಲಿ ಆಗಲಿಕ್ಕಿಲ್ಲ ಅನ್ನುವ ದಿಗಿಲು. ಕಾದಂಬರಿಗಳ ಹಸ್ತಪ್ರತಿ ನೋಡುವುದು, ತಿದ್ದುವುದು ನನ್ನ ಕೆಲಸ. ನಾನೂ ಬರೆಯುತ್ತೇನೆ. ಎರಡನೇ ಕಾದಂಬರಿ ಹೊತ್ತಿಗೆ ಈ ದಿಗಿಲು ಬೀಳದವರನ್ನು ನಾನು ನೋಡಿದ್ದು ಕಡಿಮೆ. ಮೊದಲನೆಯದನ್ನು ಯಾರೂ ಕಾದಿರುವುದಿಲ್ಲ, ಯಾರೂ ಕೇಳಿರುವುದಿಲ್ಲ. ಎರಡನೆಯದು ಶುರುವಾಯಿತೋ ಇಲ್ಲವೋ, ಎಲ್ಲಿಗೆ ಬಂತು, ಯಾವಾಗ ಬರುತ್ತದೆ ಅಂತ ಸ್ಟಾಫ್ ರೂಮಿನಲ್ಲೂ ಕೇಳುತ್ತಾರೆ.

ಮೊದಲು ಆ ಆಗಸ್ಟ್ ತಿಂಗಳನ್ನೇ ನೋಡೋಣ. ಮೇನಲ್ಲಿ ನಿಮಗೆ ಬೇಸಿಗೆ ರಜೆ. ಹೊರಗೆ 42 ಡಿಗ್ರಿ ಬಿಸಿಲು, ಎಲ್ಲಿಗೂ ಹೋಗುವ ಹಾಗಿಲ್ಲ. 14,000 ಪದ ಆಗಿದೆ. ಜೂನಿನಲ್ಲಿ ಶಾಲೆ ಶುರು. ದಾಖಲಾತಿ, ಸೇತುಬಂಧ, ಪುಸ್ತಕ ಹಂಚಿಕೆ. 3,000ಕ್ಕೆ ಇಳಿದಿದೆ. ಆಗಸ್ಟ್ ಅಂದರೆ ಶ್ರಾವಣ. ಪಂಚಮಿಗೆ ಉಂಡಿ ಕಟ್ಟಬೇಕು, ತವರಿಗೆ ಬಂದವರನ್ನು ನೋಡಬೇಕು, ಸೋಮವಾರದ ಒಪ್ಪತ್ತು, ಸಂಜೆಗೆ ಮಠದಲ್ಲಿ ಪುರಾಣ. ಶಾಲೆಯಲ್ಲಿ ಸ್ವಾತಂತ್ರ್ಯ ದಿನಾಚರಣೆ, ಕ್ರೀಡಾಕೂಟ, ಪ್ರತಿಭಾ ಕಾರಂಜಿ. ಕನ್ನಡ ಟೀಚರ್ ಅಂದಮೇಲೆ ಭಾಷಣ, ಪ್ರಬಂಧ, ಏಕಪಾತ್ರಾಭಿನಯ ಎಲ್ಲ ನಿಮ್ಮ ತಲೆ ಮೇಲೇ ಬಿದ್ದಿರುತ್ತದೆ. ಅಂಥ ತಿಂಗಳಲ್ಲಿ 900 ಪದ ಬಂದಿದೆ ಅಂದರೆ ಬರವಣಿಗೆ ನಿಂತಿಲ್ಲ. ಹೊತ್ತು ಸಿಕ್ಕಿಲ್ಲ, ಅಷ್ಟೇ. ಬತ್ತುವುದೇ ಬೇರೆ, ಪುರುಸೊತ್ತಿಲ್ಲದೆ ಇರುವುದೇ ಬೇರೆ.

ನಿಮ್ಮ ಗೆಳತಿಯ 25,000ದ ಬಗ್ಗೆ ಒಂದು ಮಾತು. ನಮ್ಮ ಡೆಮಿ ಅಳತೆಯ ಪುಸ್ತಕದಲ್ಲಿ ಪುಟಕ್ಕೆ ಅಂದಾಜು 250 ಪದ ಹಿಡಿಯುತ್ತದೆ. 200 ಪುಟದ ಕಾದಂಬರಿ ಅಂದರೆ 50,000 ಪದ. ಅವರ ಲೆಕ್ಕದಲ್ಲಿ ಎರಡು ತಿಂಗಳಿಗೊಂದು ಪುಸ್ತಕ, ವರ್ಷಕ್ಕೆ ಆರು. ಆಗುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. ಅನಕೃ ನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ತ್ರಿವೇಣಿ 1963ರಲ್ಲಿ ತೀರಿಕೊಂಡಾಗ ಇನ್ನೂ 35 ತುಂಬಿರಲಿಲ್ಲ, ಹತ್ತು ವರ್ಷದ ಬರವಣಿಗೆಯಲ್ಲೇ ಇಪ್ಪತ್ತರಷ್ಟು ಕಾದಂಬರಿ ಕೊಟ್ಟಿದ್ದರು. ಇತ್ತ ಕುವೆಂಪು ಬರೆದದ್ದು ಎರಡೇ ಕಾದಂಬರಿ. ಮೊದಲನೆಯದು 1930ರ ದಶಕದಲ್ಲಿ, ಎರಡನೆಯದು 1967ರಲ್ಲಿ. ಮೂವರನ್ನೂ ಒಂದೇ ವಾಟ್ಸಾಪ್ ಗ್ರೂಪಿಗೆ ಹಾಕಿ ತಿಂಗಳ ಲೆಕ್ಕ ಕೇಳಿದ್ದರೆ ಕುವೆಂಪು ಗ್ರೂಪ್ ಬಿಟ್ಟು ಹೋಗುತ್ತಿದ್ದರೇನೋ.

ಗ್ರೂಪಿಗೆ ಹಾಕುವ ಸಂಖ್ಯೆಯಲ್ಲಿ ಇನ್ನೊಂದು ಸಂಗತಿ ಕಾಣುವುದಿಲ್ಲ. ಅವು ಯಾವ ಪದಗಳು? ಮೊದಲ ಕರಡಿನ ಪದ ಬೇಗ ಬೇಗ ಬರುತ್ತದೆ. ತಿದ್ದುವ ತಿಂಗಳಲ್ಲಿ ಲೆಕ್ಕ ಹಿಂದಕ್ಕೇ ಹೋಗಬಹುದು. 12 ಪುಟದ ಮದುವೆ ದೃಶ್ಯವನ್ನು 4 ಪುಟಕ್ಕೆ ಇಳಿಸಿದ ತಿಂಗಳು ಒಳ್ಳೆಯ ತಿಂಗಳೇ. ಗ್ರೂಪಿನಲ್ಲಿ ಮಾತ್ರ ಅದು ಸೊನ್ನೆ. ಹಿರಿಯರೊಬ್ಬರ ಜೊತೆ ಮೂರು ತಾಸು ಕೂತು ಹಳೆಯ ಸಂಗತಿ ಕೇಳಿಕೊಂಡು ಬಂದ ದಿನವೂ ಸೊನ್ನೆ. ನಮ್ಮ ಕಡೆ ಹೆಸರು ಎರಡೂವರೆ ತಿಂಗಳಿಗೆ ಕೈಗೆ ಬರುತ್ತದೆ, ತೊಗರಿ ಆರು ತಿಂಗಳು ಹೊಲದಲ್ಲೇ ಇರುತ್ತದೆ. ಶ್ರಾವಣದಲ್ಲಿ ತೊಗರಿ ಹೊಲದ ಬದುವಿಗೆ ನಿಂತು ಎಷ್ಟು ಚೀಲ ಆಯ್ತು ಅಂತ ಯಾವ ರೈತನೂ ಕೇಳುವುದಿಲ್ಲ.

ಈಗ ನಿಮಗೆ ಸಿಕ್ಕ ಬುದ್ಧಿಮಾತುಗಳು.

ದಿನಾ ಇಷ್ಟು ಪದ ಬರೆಯಲೇಬೇಕು ಅನ್ನುವವರು ಸಾಮಾನ್ಯವಾಗಿ ಇಂಗ್ಲೆಂಡಿನ ಆಂಥನಿ ಟ್ರೊಲೊಪ್‌ನ ಉದಾಹರಣೆ ಕೊಡುತ್ತಾರೆ. ಆತ ಅಂಚೆ ಇಲಾಖೆಯಲ್ಲಿ ನೌಕರಿ ಮಾಡುತ್ತಲೇ ಹತ್ತಾರು ಕಾದಂಬರಿ ಬರೆದವನು. ಬೆಳಗ್ಗೆ 5.30ಕ್ಕೆ ಮೇಜಿನ ಮುಂದೆ ಕೂರುತ್ತಿದ್ದ. ಗಡಿಯಾರ ಎದುರಿಗಿಟ್ಟುಕೊಂಡು 15 ನಿಮಿಷಕ್ಕೆ 250 ಪದ. ವಾರಕ್ಕೆ ಎಷ್ಟು ಪುಟ ಆಯಿತು ಅಂತ ಡೈರಿಯಲ್ಲಿ ಗುರುತು ಹಾಕಿಕೊಳ್ಳುತ್ತಿದ್ದ. ಇದೆಲ್ಲ ನಿಜ, ತನ್ನ ಆತ್ಮಕಥೆಯಲ್ಲಿ ತಾನೇ ಹೇಳಿಕೊಂಡಿದ್ದಾನೆ. ಅದೇ ಆತ್ಮಕಥೆಯಲ್ಲಿ ಇನ್ನೊಂದು ಮಾತಿದೆ, ಅದನ್ನು ಮಾತ್ರ ಯಾರೂ ಹೇಳುವುದಿಲ್ಲ. ನಸುಕಿನಲ್ಲಿ ಎಬ್ಬಿಸಿ ಕಾಫಿ ಕೊಡಲಿಕ್ಕೆ ಅಂತಲೇ ಒಬ್ಬ ಆಳಿಗೆ ವರ್ಷಕ್ಕೆ 5 ಪೌಂಡ್ ಜಾಸ್ತಿ ಕೊಡುತ್ತಿದ್ದ. ನಿಮ್ಮ ಮನೆಯಲ್ಲಿ ಆ ಹೊತ್ತಿಗೆ ರೊಟ್ಟಿ ಬಡಿಯುವವರು ಯಾರು, ಡಬ್ಬಿ ಕಟ್ಟುವವರು ಯಾರು ಅನ್ನುವುದು ಗೊತ್ತಾಗದೆ ದಿನಾ ಸಾವಿರ ಪದದ ಉಪದೇಶ ಮಾಡುವುದು ಸುಲಭ. ಆ ಪದ್ಧತಿಯಿಂದ ಲಾಭವಿಲ್ಲ ಅಂತಲ್ಲ. ಕಥೆ ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಿದ್ದು, ಬರೆಯುವುದಷ್ಟೇ ಬಾಕಿ ಇರುವಾಗ ಅದು ಚೆನ್ನಾಗಿ ನಡೆಯುತ್ತದೆ. ಗೊತ್ತಿಲ್ಲದಾಗ ದಿನಾ ಸಾವಿರ ಪದ ಬರೆದರೆ ತಿಂಗಳ ಕೊನೆಗೆ 30,000 ದಾರಿ ತಪ್ಪಿದ ಪದ ಕೈಯಲ್ಲಿರುತ್ತವೆ. ಅವನ್ನು ಕಡಿದು ಹಾಕುವ ಸಂಕಟ ನನಗೆ ಬಂದ ಹಸ್ತಪ್ರತಿಗಳಲ್ಲಿ ಬೇಕಾದಷ್ಟು ನೋಡಿದ್ದೇನೆ.

ಒಳಗಿನಿಂದ ಬಂದಾಗ ಮಾತ್ರ ಬರೆ ಅನ್ನುವುದಕ್ಕೆ ನಾನು ಜಾಸ್ತಿ ಹೊತ್ತು ಕೊಡುವುದಿಲ್ಲ. ಸುಧಾ, ತರಂಗ, ಪ್ರಜಾಮತದಂಥ ವಾರಪತ್ರಿಕೆಗಳಿಗೆ ಧಾರಾವಾಹಿ ಬರೆದವರು ವಾರಕ್ಕೊಂದು ಕಂತು ಕಳಿಸುತ್ತಿದ್ದರು. ಮಗುವಿಗೆ ಜ್ವರ ಬಂದಿದ್ದರೂ ಕಳಿಸುತ್ತಿದ್ದರು. ಒಳಗಿನಿಂದ ಬಂತೋ ಹೊರಗಿನಿಂದ ಬಂತೋ, ಟಪಾಲಿಗಂತೂ ಹೋಗುತ್ತಿತ್ತು.

ಬಿಡುವು ಬಿದ್ದರೆ ಬರಹಗಾರ ಮುಗಿದ ಅನ್ನುವ ಮಾತಿಗೆ ನಿಮ್ಮ ನೆರೆಯ ಸುರಪುರದಲ್ಲೇ ಉತ್ತರವಿದೆ. ಅಲ್ಲಿ ಟೇಲರ್ ಮಂಜಿಲ್ ನೋಡಿರುತ್ತೀರಿ. ಅಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಸಾಹೇಬ ಇಂಗ್ಲಿಷ್ ಕಾದಂಬರಿಕಾರನೂ ಹೌದು. 1839ರಲ್ಲಿ ಒಂದು, 1840ರಲ್ಲಿ ಒಂದು ಕಾದಂಬರಿ ಬಂದವು. ಆಮೇಲೆ ಸುರಪುರಕ್ಕೆ ಬಂದ, ಬಾಲಕ ವೆಂಕಟಪ್ಪ ನಾಯಕನ ಪರವಾಗಿ ಸಂಸ್ಥಾನದ ಆಡಳಿತ ನೋಡಿಕೊಂಡ. ಕೆರೆ, ಕಂದಾಯ, ಜಗಳ, ತಂಟೆ ಇದರಲ್ಲೇ ವರ್ಷಗಳು ಹೋದವು. ಮುಂದಿನ ಕಾದಂಬರಿ ಹೊರಬಂದದ್ದು 1863ರಲ್ಲಿ, ನೌಕರಿಯಿಂದ ನಿವೃತ್ತನಾದ ಮೇಲೆ. ನಡುವೆ 23 ವರ್ಷ. ಆಮೇಲೆ ಸಾಯುವ ತನಕ ಬರೆದ. ಆ 23 ವರ್ಷದಲ್ಲಿ ಈ ಸೀಮೆಯಲ್ಲಿ ಕಂಡದ್ದು ಕೇಳಿದ್ದು ಮುಂದಿನ ಪುಸ್ತಕಗಳಿಗೆ ಒದಗಿತು. ನಿಮ್ಮದಿನ್ನೂ ನಾಲ್ಕು ವರ್ಷ.

ವಯಸ್ಸಿನ ಚಿಂತೆಯೂ ಬೇಡ. ಕಲಬುರಗಿ ಜಿಲ್ಲೆ ಸಾವಳಗಿಯ ಗೀತಾ ನಾಗಭೂಷಣ ಅವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 2004ರಲ್ಲಿ. ಆಗ ಅವರಿಗೆ 62. ಅವರೂ ಮನೆ, ನೌಕರಿ ಎಲ್ಲ ತೂಗಿಸಿಕೊಂಡೇ ಬರೆದವರು.

ಇನ್ನು ಮೂರು ಒಟ್ಟಿಗೆ ಹಿಡಿದದ್ದು ತಪ್ಪಾ? ಮೂರು ಅನ್ನುವುದು ತೊಂದರೆ ಅಲ್ಲ. ಮೂರೂ ಒಂದೇ ಹಂತದಲ್ಲಿ ನಿಂತಿರುವುದು ತೊಂದರೆ. ಒಂದನ್ನು ಬರೆಯುತ್ತ, ಇನ್ನೊಂದಕ್ಕೆ ಮಾಹಿತಿ ಕೂಡಿಸುತ್ತ, ಮತ್ತೊಂದನ್ನು ತಿದ್ದುತ್ತ ಇರುವವರು ಬೇಕಾದಷ್ಟು ಜನ ಇದ್ದಾರೆ. ಆ ಮೂರು ಕೆಲಸಗಳು ಒಂದಕ್ಕೊಂದು ಅಡ್ಡ ಬರುವುದಿಲ್ಲ. ನಿಮ್ಮವು ಮೂರೂ ಮೊದಲ ಕರಡಿನಲ್ಲೇ ಇವೆ. ಅಲ್ಲದೆ ಒಂದು ವಿಷಯ ಗಮನಿಸಿ. ಗುಳೆಯ ಕಾದಂಬರಿ ನಿಂತಾಗ ರಜಾಕಾರರ ಕಾಲಕ್ಕೆ ಹೋಗಿದ್ದೀರಿ. ಅದೂ ಸಿಕ್ಕಿಹಾಕಿಕೊಂಡಾಗ ಹಾಸ್ಟೆಲ್ಲಿಗೆ ಹೋಗಿದ್ದೀರಿ. ಪುಟಗಳ ಲೆಕ್ಕ 140, 60, 35 ಅಂತ ಇಳಿಯುತ್ತ ಬಂದಿದ್ದನ್ನು ನೋಡಿದರೇ ಗೊತ್ತಾಗುತ್ತದೆ. ನೀವು ಸೋಮಾರಿತನ ಮಾಡಿಲ್ಲ. ಕಷ್ಟದ ತಿರುವು ಬಂದಾಗಲೆಲ್ಲ ಹೊಸ ದಾರಿ ಹಿಡಿದಿದ್ದೀರಿ. ಹೊಸದರ ಮೊದಲ ಮೂವತ್ತು ಪುಟ ಯಾವಾಗಲೂ ಸಲೀಸು. ಊರು ತೋರಿಸುವುದು, ಜನರನ್ನು ಪರಿಚಯಿಸುವುದು, ಒಂದು ಜಗಳ ಹಚ್ಚುವುದು. ಅದಾದ ಮೇಲೆ ಪಾತ್ರಗಳಿಗೆ ಏನಾದರೂ ಆಗಬೇಕು. ಆಗುವುದನ್ನು ನಾವೇ ತೀರ್ಮಾನ ಮಾಡಬೇಕು. ಕಾದಂಬರಿಗಳು ನಡುವಿನಲ್ಲಿ ನಿಲ್ಲುವುದು ಬಹುಪಾಲು ಇಲ್ಲೇ. ಬಾಕಿ ಇರುವುದು ಒಂದು ತೀರ್ಮಾನ, ಪದಗಳಲ್ಲ.

ನಿಮ್ಮ ಪತ್ರದಲ್ಲೇ ಆ ತೀರ್ಮಾನ ಯಾವುದು ಅಂತ ಬರೆದಿದ್ದೀರಿ. ಮುಂಬೈಗೆ ಹೋದ ತಾಯಿ ವಾಪಸ್ ಬರಬೇಕೋ ಬೇಡವೋ. ಇದನ್ನು ಮನೆಯಲ್ಲಿ ಕೂತು ಯೋಚನೆ ಮಾಡಿದರೆ ಬಗೆಹರಿಯುವುದಿಲ್ಲ, ಯಾಕೆಂದರೆ ಉತ್ತರ ಆಕೆಯ ಮನಸ್ಸಿನಲ್ಲಷ್ಟೇ ಇಲ್ಲ, ಆಕೆಯ ಲೆಕ್ಕದಲ್ಲೂ ಇದೆ. ಆಕೆ ಕೂಲಿಗೆ ಕರೆದೊಯ್ದ ಮೇಸ್ತ್ರಿಯಿಂದ ಮುಂಗಡ ತಗೊಂಡಿದ್ದಾಳಾ? ಎಷ್ಟು? ಅದು ಗಂಡನ ಹೆಸರಲ್ಲಿದೆಯಾ, ಆಕೆಯ ಹೆಸರಲ್ಲಿದೆಯಾ? ವಾರದ ಖರ್ಚಿಗೆ ಮೇಸ್ತ್ರಿ ಎಷ್ಟು ಕೊಡುತ್ತಾನೆ, ಎಷ್ಟು ಹಿಡಿದುಕೊಳ್ಳುತ್ತಾನೆ? ಮಗಳ ಹೆಸರು ಊರ ಶಾಲೆಯ ಹಾಜರಿ ಪುಸ್ತಕದಲ್ಲಿ ಇನ್ನೂ ಇದೆಯಾ? ಕೊನೆಯದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ದೀಪಾವಳಿ ಆದಮೇಲೆ ತರಗತಿಯಲ್ಲಿ ಖಾಲಿ ಬೀಳುವ ಜಾಗಗಳನ್ನು ನೀವು ವರ್ಷಾ ನೋಡುತ್ತೀರಿ. ಈ ನಾಲ್ಕು ಪ್ರಶ್ನೆಗೆ ಉತ್ತರ ಬರೆದು ನೋಡಿ. ಮುಂಗಡ ತೀರದೆ ಆಕೆ ಹೊರಡುವ ಹಾಗೇ ಇಲ್ಲ ಅಂತಾದರೆ, ಬರಬೇಕೋ ಬೇಡವೋ ಅನ್ನುವ ಪ್ರಶ್ನೆ ಹೋಗಿ, ಹೇಗೆ ತಪ್ಪಿಸಿಕೊಂಡು ಬರುತ್ತಾಳೆ ಅಥವಾ ಮಗಳನ್ನು ಮಾತ್ರ ಯಾರ ಜೊತೆ ಕಳಿಸುತ್ತಾಳೆ ಅನ್ನುವ ಪ್ರಶ್ನೆ ಬರುತ್ತದೆ. ಅಲ್ಲಿಂದ ಕಥೆ ತಾನೇ ನಡೆಯುತ್ತದೆ.

ಒಂದು ಸಲ ಯಾದಗಿರಿ ಸ್ಟೇಷನ್ನಿಗೆ ಮುಂಬೈಗೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ ಬರುವ ಹೊತ್ತಿಗೆ ಹೋಗಿ ನಿಂತುಕೊಳ್ಳಿ. ಜೋಳದ ಹಿಟ್ಟಿನ ಚೀಲ ಯಾರ ತಲೆ ಮೇಲಿದೆ, ಕೂಸು ಯಾರ ಕಂಕುಳಲ್ಲಿದೆ, ಮುದುಕರು ಬಂದು ಕಳಿಸಿ ಹೋಗುತ್ತಾರಾ ಇಲ್ಲವಾ, ಅಳುವವರು ಯಾರು, ಬೈಯುವವರು ಯಾರು. ಒಂದು ಸಲದ ಈ ನೋಟ ನಿಮ್ಮ ಹತ್ತು ಪುಟಕ್ಕೆ ಸಾಕು. ಅದು ಆ ತಿಂಗಳ ಪದದ ಲೆಕ್ಕದಲ್ಲಿ ಬರುವುದಿಲ್ಲ ಅನ್ನುವುದು ಬೇರೆ ಮಾತು.

ಎರಡನೇ ಕಾದಂಬರಿ ಬೇರೆ ಥರದ್ದು. ಅದರಲ್ಲಿ ಬರವಣಿಗೆಗೆ ಅವಸರವಿಲ್ಲ, ಕೇಳಿಕೊಳ್ಳುವುದಕ್ಕೆ ಮಾತ್ರ ತುಂಬಾ ಅವಸರವಿದೆ. 1948ರಲ್ಲಿ 12 ವರ್ಷದವರಾಗಿದ್ದವರು ಈಗ 90ರ ಹತ್ತಿರ ಇದ್ದಾರೆ. ಇನ್ನು ಐದು ವರ್ಷ ಬಿಟ್ಟು ಕೇಳುತ್ತೇನೆ ಅಂದರೆ ಕೇಳಲಿಕ್ಕೆ ಯಾರೂ ಉಳಿದಿರುವುದಿಲ್ಲ. ಆದ್ದರಿಂದ ಆ 60 ಪುಟ ಹಾಗೇ ಇರಲಿ. ರಜೆ ಸಿಕ್ಕಾಗ ಒಬ್ಬೊಬ್ಬರ ಹತ್ತಿರ ಹೋಗಿ ಮೊಬೈಲಿನಲ್ಲಿ ಅವರ ಮಾತು ರೆಕಾರ್ಡ್ ಮಾಡಿಕೊಳ್ಳಿ. ಮನೆಯವರ ಒಪ್ಪಿಗೆ ಕೇಳಿ. ದೊಡ್ಡ ಪ್ರಶ್ನೆ ಕೇಳಬೇಡಿ. "ಆಗ ಹೇಗಿತ್ರೀ ಅಜ್ಜಾ?" ಅಂದರೆ ಎಲ್ಲರೂ ಕೇಳಿದ್ದನ್ನೇ ಹೇಳುತ್ತಾರೆ. "ಆ ರಾತ್ರಿ ಮನೆ ಬಿಟ್ಟು ಹೋಗುವಾಗ ಏನು ತಗೊಂಡು ಹೋದ್ರಿ, ದನ ಏನು ಮಾಡಿದ್ರಿ, ಒಲೆ ಆರಿಸಿದ್ರಾ?" ಅಂತ ಕೇಳಿ. ಆಗ ನೋಡಿ ಮಾತು.

ಅಜ್ಜಿಯ ಒಬ್ಬರ ಮಾತಿನ ಮೇಲೇ ಇಡೀ ಪುಸ್ತಕ ನಿಲ್ಲಿಸಬೇಡಿ ಅಂತಲೂ ಹೇಳುತ್ತೇನೆ. ಆ ಕಾಲದ ನೋವು ಒಂದೇ ಕಡೆಯದಲ್ಲ. ಬೀದರ್ ಜಿಲ್ಲೆಯ ಗೋರ್ಟಾದಲ್ಲಿ 1948ರಲ್ಲಿ ರಜಾಕಾರರು ಮಾಡಿದ ಹತ್ಯೆಯ ನೆನಪಿಗೆ ಇವತ್ತು ಸ್ಮಾರಕವಿದೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆಯ ಬೆನ್ನಿಗೆ ಮುಸ್ಲಿಮರ ಮೇಲೆ ನಡೆದ ಹಿಂಸೆಯನ್ನು ನೋಡಿ ಬರಲು ಕೇಂದ್ರ ಸರ್ಕಾರ ಸುಂದರಲಾಲ್ ಸಮಿತಿಯನ್ನು ಕಳಿಸಿತ್ತು. ಅದರ ವರದಿ ಎಷ್ಟೋ ದಶಕ ಕಪಾಟಿನಲ್ಲೇ ಇತ್ತು. ಎರಡೂ ಕಡೆಯ ಮನೆಗಳಲ್ಲಿ ಕೂತು ಕೇಳಿದ ಕಾದಂಬರಿ ಬೇರೆಯೇ ಆಗುತ್ತದೆ. ಅದರಲ್ಲಿ ಅಪಾಯವೂ ಇದೆ. ಈ ವಿಷಯದಲ್ಲಿ ನಮ್ಮ ಭಾಗದವರ ಮನಸ್ಸು ಇನ್ನೂ ಹಸಿ. ಬೈಯುವವರು ಎರಡು ಕಡೆಯಿಂದಲೂ ಬರುತ್ತಾರೆ. ಅದಕ್ಕೆ ತಯಾರಿದ್ದರೆ ಮಾತ್ರ ಮುಂದುವರಿಯಿರಿ.

ಸಣ್ಣ ಸಂಗತಿಗಳಲ್ಲೂ ಕಣ್ಣಿಡಿ. ಈ ಕಾಲದ ಕಥೆಗಳಲ್ಲಿ ಹುಡುಗ ಅಂಗಡಿಗೆ ಹೋಗಿ 50 ಪೈಸೆಗೆ ಬೆಲ್ಲ ತರುವುದನ್ನು ಓದಿದ್ದೇನೆ. ದಶಮಾಂಶ ಪೈಸೆ ಬಂದದ್ದು 1957ರಲ್ಲಿ. ಅಲ್ಲಿಯತನಕ ಆಣೆಗಳ ಲೆಕ್ಕ. ಅದೂ ಅಲ್ಲದೆ ಹೈದರಾಬಾದ್ ಸಂಸ್ಥಾನಕ್ಕೆ ತನ್ನದೇ ನಾಣ್ಯ ಇತ್ತು, ಹಾಲಿ ಸಿಕ್ಕಾ. ಕಚೇರಿ ಕಾಗದಗಳು ಉರ್ದುವಿನಲ್ಲಿದ್ದವು. ಯಾದಗಿರಿ ಆಗಿನ್ನೂ ಗುಲ್ಬರ್ಗಾ ಜಿಲ್ಲೆಯಲ್ಲೇ ಇತ್ತು. ಪಾತ್ರವೊಂದು ಕಲ್ಯಾಣ ಕರ್ನಾಟಕ ಅಂತ ಮಾತಾಡಿದರೆ ಓದುಗ ಅಲ್ಲೇ ಪುಸ್ತಕ ಮುಚ್ಚುತ್ತಾನೆ, ಆ ಹೆಸರು ಬಂದದ್ದು 2019ರಲ್ಲಿ.

ಮೂರನೆಯದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. 35 ಪುಟಕ್ಕೆ ನಿಂತದ್ದು ಕೆಲವು ಸಲ ಕಾದಂಬರಿಯೇ ಆಗಿರುವುದಿಲ್ಲ, ನೀಳ್ಗತೆ ಆಗಿರುತ್ತದೆ. ಒಂದು ರಾತ್ರಿಯ ಘಟನೆಗೆ ಇಳಿಸಿ ನೋಡಿ. ಆದರೆ ಈಗ ಬೇಡ.

ಹಾಗಾದರೆ ಮುಂದೇನು ಮಾಡಬೇಕು? ನನಗೆ ಕಾಣುವ ದಾರಿಗಳು ಇವು. ಒಂದು, ಉಳಿದ ಎರಡನ್ನೂ ಟ್ರಂಕಿಗೆ ಹಾಕಿ ಗುಳೆಯ ಕಾದಂಬರಿಯನ್ನಷ್ಟೇ ಮುಗಿಸುವುದು. ಇದು ನೇರ ದಾರಿ. ಆದರೆ ಹಿರಿಯರ ಮಾತು ಕೈತಪ್ಪಿ ಹೋಗುವ ಭಯವಿದೆ, ಗುಳೆಯದು ಮತ್ತೆ ಸಿಕ್ಕಿಹಾಕಿಕೊಂಡ ದಿನ ಕೈಗೆ ಬೇರೆ ಕೆಲಸವೂ ಇರುವುದಿಲ್ಲ. ಇನ್ನೊಂದು, ಗುಳೆಯದನ್ನು ಬರೆಯುತ್ತ, 1948ರದ್ದಕ್ಕೆ ಬರೀ ಕೇಳಿಕೊಳ್ಳುವ ಕೆಲಸ ಇಟ್ಟುಕೊಳ್ಳುವುದು. ನಿಮ್ಮ ಜಾಗದಲ್ಲಿ ನಾನಿದ್ದರೆ ಇದನ್ನೇ ಮಾಡುತ್ತಿದ್ದೆ. ಇದರ ಅಪಾಯ ಏನೆಂದರೆ ಮಾಹಿತಿ ಕೂಡಿಸುವುದೇ ಒಂದು ಚಟ ಆಗಿಬಿಡುತ್ತದೆ. ಇನ್ನೊಬ್ಬ ಅಜ್ಜ, ಇನ್ನೊಂದು ಊರು ಅಂತ ತಿರುಗುತ್ತ ಬರೆಯುವುದನ್ನು ಮುಂದೂಡುವವರು ಬೇಕಾದಷ್ಟು ಜನ ಇದ್ದಾರೆ. ಅದಕ್ಕೆ ಶಾಲೆ ನಡೆಯುವ ವಾರದ ದಿನಗಳು ಗುಳೆಗೆ, ದಸರಾ ಮತ್ತು ಬೇಸಿಗೆ ರಜೆಯ ಕೆಲವು ದಿನ ಮಾತ್ರ ಹಿರಿಯರಿಗೆ ಅಂತ ಗೆರೆ ಹಾಕಿಕೊಳ್ಳಿ. ಮೂರನೇ ದಾರಿ ಧಾರಾವಾಹಿ. ಪತ್ರಿಕೆಗೆ ಕಂತು ಕಂತಾಗಿ ಕೊಡುತ್ತೇನೆ ಅಂತ ಒಪ್ಪಿಕೊಂಡರೆ ಮುಗಿಸುವುದು ಅನಿವಾರ್ಯ ಆಗುತ್ತದೆ. ಆದರೆ ಹದಿನೈದನೇ ಕಂತಿನಲ್ಲಿ ತಾಯಿಯ ಮುಂಗಡದ ವಿಷಯ ಹೊಳೆದರೆ ಎರಡನೇ ಕಂತಿಗೆ ಹೋಗಿ ಅದನ್ನು ಸೇರಿಸಲಿಕ್ಕಾಗುವುದಿಲ್ಲ. ಕೊನೆ ಗೊತ್ತಿಲ್ಲದ ಕಾದಂಬರಿಯನ್ನು ಧಾರಾವಾಹಿಗೆ ಕೊಡಬೇಡಿ.

ಪ್ರಕಾಶಕರ ಮಾತಿಗೆ ಬರೋಣ. ಅವರು ರಾಜ್ಯೋತ್ಸವ ಅನ್ನುವುದರಲ್ಲಿ ಕನ್ನಡ ಪ್ರೀತಿಯೂ ಇರಬಹುದು, ಬೇರೆ ಲೆಕ್ಕವೂ ಇರುತ್ತದೆ. ಗ್ರಂಥಾಲಯ ಇಲಾಖೆ ಏಕಗವಾಕ್ಷಿ ಯೋಜನೆಯಲ್ಲಿ ಪುಸ್ತಕ ಕೊಳ್ಳುವಾಗ ಆಯಾ ವರ್ಷ ಮೊದಲ ಮುದ್ರಣ ಕಂಡ ಪುಸ್ತಕಗಳಿಗೆ ಅರ್ಜಿ ಕರೆಯುತ್ತದೆ. ಎಷ್ಟೋ ಬಹುಮಾನಗಳ ಲೆಕ್ಕವೂ ಹಾಗೇ, ಪುಸ್ತಕದ ಮೇಲಿನ ಇಸವಿ ನೋಡುತ್ತಾರೆ. ಡಿಸೆಂಬರ್ ದಾಟಿದರೆ ಪುಸ್ತಕ ಮುಂದಿನ ವರ್ಷದ ಸಾಲಿಗೆ ಹೋಯಿತು. ಅವರ ಅವಸರ ತಪ್ಪಲ್ಲ, ಅದು ಅವರ ವ್ಯಾಪಾರ. ಆದರೆ ಅದಕ್ಕಾಗಿ ನಿಮ್ಮ ತಾಯಿ-ಮಗಳ ಕಥೆಯನ್ನು ನಡುವೆಯೇ ಮುಗಿಸುವುದು ಬೇಡ. ಲೆಕ್ಕ ಹಾಕಿ ನೋಡಿ. ಹಸ್ತಪ್ರತಿ ಕೊಟ್ಟಮೇಲೆ ಒಂದು ಓದು, ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಕಟ್ಟುವುದು), ಎರಡು ಸಲ ಕರಡು ತಿದ್ದುವುದು, ಮುಖಪುಟ, ಮುದ್ರಣ. ಅವಸರ ಮಾಡಿದರೂ ಎರಡು ಮೂರು ತಿಂಗಳು. ದೊಡ್ಡವರ ಮುನ್ನುಡಿ ಬೇಕು ಅಂತ ಕೂತರೆ ಇನ್ನೆಷ್ಟೋ. ಈಗ ಸೆಪ್ಟೆಂಬರ್. 140 ಪುಟದ ಅರ್ಧ ಕಾದಂಬರಿ ನವೆಂಬರ್ ಒಂದಕ್ಕೆ ಪುಸ್ತಕವಾಗಬೇಕಾದರೆ ಬಿಟ್ಟುಬಿಡುವುದು ತಿದ್ದುವ ಕೆಲಸವನ್ನೇ. ಮುಂದಿನ ವರ್ಷ ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಪೂರ್ತಿ ಕರಡು ಕೊಡುತ್ತೇನೆ ಅಂತ ಈಗಲೇ ಹೇಳಿಬಿಡಿ. ದಿನಾಂಕ ಹೇಳಿದ ಲೇಖಕರ ಮೇಲೆ ಪ್ರಕಾಶಕರಿಗೆ ನಂಬಿಕೆ ಜಾಸ್ತಿ. ನೋಡೋಣ, ಆಗಬಹುದು ಅಂದರೆ ವಾರಕ್ಕೊಂದು ಫೋನು ತಪ್ಪಿದ್ದಲ್ಲ.

ತಿಂಗಳ ಲೆಕ್ಕ ಬರೆಯುವ ರೂಢಿ ಬಿಡಬೇಡಿ, ಬರೆಯುವುದನ್ನು ಬದಲಾಯಿಸಿ. ಪದದ ಬದಲು ಮೂರು ಸಾಲು ಸಾಕು. ಏನು ತೀರ್ಮಾನವಾಯಿತು, ಎಲ್ಲಿ ಸಿಕ್ಕಿಕೊಂಡಿದೆ, ಮುಂದೆ ಕೂತಾಗ ಮೊದಲು ಬರೆಯುವುದು ಏನು. ನಿಮ್ಮ ಆಗಸ್ಟ್ ತಿಂಗಳ ಪುಟ ಹೀಗಿರಬಹುದಿತ್ತು: "ಮಗಳ ಹೆಸರು ಹಾಜರಿಯಿಂದ ತೆಗೆದಿಲ್ಲ, ಹೆಡ್ ಮಾಸ್ತರು ಇಟ್ಟುಕೊಂಡಿದ್ದಾರೆ ಅಂತ ಗಟ್ಟಿ ಮಾಡಿದೆ. ಮುಂಗಡ ಯಾರ ಹೆಸರಲ್ಲಿ ಅಂತ ಗೊತ್ತಿಲ್ಲ, ಗುಳೆ ಹೋಗಿ ಬಂದವರನ್ನು ಕೇಳಬೇಕು. ಮುಂದೆ: ಶೆಡ್ಡಿನಲ್ಲಿ ನೀರಿನ ಸರತಿಯ ದೃಶ್ಯ, ಜಗಳದಿಂದ ಶುರು." ಇಷ್ಟಿದ್ದರೆ ಮೂರು ವಾರ ಬಿಟ್ಟು ಬಂದರೂ ಅರ್ಧ ತಾಸಿನಲ್ಲಿ ಕಥೆಯೊಳಗೆ ಹೋಗಬಹುದು. ನಿಮ್ಮಂಥವರಿಗೆ ಬಿಡುವಿಗಿಂತ ಬಿಡುವಿನ ನಂತರ ಮತ್ತೆ ಶುರು ಮಾಡುವುದೇ ಕಷ್ಟ. 900 ಪದದ ತಿಂಗಳಾದ ಮೇಲೆ ಸೆಪ್ಟೆಂಬರಿನಲ್ಲೂ ಕೈ ಓಡದೆ ಇರುವುದು ಅದಕ್ಕೇ.

ಗ್ರೂಪನ್ನು ಬಿಡಿ ಅಂತ ಹೇಳುವುದಿಲ್ಲ, ಒಡನಾಟ ಬೇಕು. ಸಂಖ್ಯೆ ಹಾಕುವುದನ್ನು ನಿಲ್ಲಿಸಿ. ಕಥೆಯನ್ನಂತೂ ಅಲ್ಲಿ ಹೇಳಲೇಬೇಡಿ. ಅರ್ಧ ಬರೆದ ಕಾದಂಬರಿಯ ಕಥೆ ಇಪ್ಪತ್ತು ಜನಕ್ಕೆ ಹೇಳಿದರೆ ಇಪ್ಪತ್ತು ಸಲಹೆ ಬರುತ್ತವೆ. ಒಬ್ಬರು ತಾಯಿಯನ್ನು ಸಾಯಿಸಿ ಅಂತಾರೆ, ಇನ್ನೊಬ್ಬರು ಮಗಳಿಗೆ ಪ್ರೀತಿ ಹಚ್ಚಿ ಅಂತಾರೆ. ಒಬ್ಬ ನಂಬಿಕಸ್ಥ ಓದುಗರನ್ನು ಇಟ್ಟುಕೊಳ್ಳಿ, ಅವರಿಗೂ ಪೂರ್ತಿ ಕರಡು ಆದಮೇಲೆಯೇ ಕೊಡಿ.

ಒಂದು ವಿಷಯ ಮಾತ್ರ ಹಗುರವಾಗಿ ತಗೊಳ್ಳಬೇಡಿ. ಬರೆಯುವುದಷ್ಟೇ ಅಲ್ಲ, ಓದುವುದೂ ಬೇಡವಾಗಿದೆ, ಪಾಠ ಮಾಡಲಿಕ್ಕೂ ಮನಸ್ಸಿಲ್ಲ, ವಾರಗಟ್ಟಲೆ ನಿದ್ದೆ ಸರಿಯಿಲ್ಲ ಅಂತಿದ್ದರೆ ಅದು ಸಂಪಾದಕನಿಗೆ ಬರೆಯುವ ಪ್ರಶ್ನೆ ಅಲ್ಲ. ಡಾಕ್ಟರ್ ಹತ್ತಿರ ಹೋಗಿ. ನಿಮ್ಮ ಪತ್ರದಲ್ಲಿ ಹಾಗೇನೂ ನನಗೆ ಕಾಣಲಿಲ್ಲ.

ಕೊನೆಗೆ ಮೊಬೈಲ್. ಖಂಡಿತ ತಪ್ಪಲ್ಲ. ಬಸ್ಸಿನಲ್ಲಿ, ಪರೀಕ್ಷೆ ಕೊಠಡಿ ಡ್ಯೂಟಿ ಮುಗಿಸಿ ಕೂತಾಗ, ರಾತ್ರಿ ಲೈಟ್ ಹೋದಾಗ ಬರೆಯಲಿಕ್ಕೆ ಅದೇ ಅನುಕೂಲ. ಧ್ವನಿಯಿಂದ ಟೈಪ್ ಮಾಡಿಸುವವರಾದರೆ, ನಮ್ಮ ಕಡೆಯ ಸಂಭಾಷಣೆಯನ್ನು ಅದು ಎಷ್ಟೋ ಸಲ ಪುಸ್ತಕದ ಕನ್ನಡಕ್ಕೆ ತಿದ್ದಿಬಿಡುತ್ತದೆ, ಮಾತಿನ ಭಾಗ ಕೈಯಲ್ಲೇ ಟೈಪ್ ಮಾಡಿ. ವಾಟ್ಸಾಪಿನಲ್ಲಿ ನಿಮಗೆ ನೀವೇ ಮೆಸೇಜ್ ಕಳಿಸಿಕೊಂಡು ಕಾದಂಬರಿ ಇಡಬೇಡಿ, ಫೋನ್ ಹೋದರೆ ಹೋಯಿತು. ಗೂಗಲ್ ಡಾಕ್ಸ್‌ನಂಥದ್ದರಲ್ಲಿ ಅಧ್ಯಾಯಕ್ಕೊಂದು ಕಡತ ಮಾಡಿ, ತಿಂಗಳಿಗೊಮ್ಮೆ ಇ-ಮೇಲಿಗೂ ಒಂದು ಪ್ರತಿ ಕಳಿಸಿಕೊಳ್ಳಿ. ಮೊಬೈಲಿನಲ್ಲಿ ಬರುವುದು ಯೂನಿಕೋಡ್, ಅಂದರೆ ಯಾವ ಫೋನು, ಕಂಪ್ಯೂಟರಿನಲ್ಲೂ ಓದಲಿಕ್ಕಾಗುವ ಅಕ್ಷರ ಪದ್ಧತಿ. ಎಷ್ಟೋ ಡಿಟಿಪಿಯವರು ಇನ್ನೂ ಹಳೆಯ ನುಡಿ ಫಾಂಟಿಗೆ ಬದಲಾಯಿಸಿಕೊಂಡು ಪುಟ ಕಟ್ಟುತ್ತಾರೆ. ಆ ಬದಲಾವಣೆಯಲ್ಲಿ ಅರ್ಕಾವತ್ತು, ಒತ್ತಕ್ಷರಗಳು ಅಲ್ಲಲ್ಲಿ ಕೆಡುತ್ತವೆ. ಇಡೀ ಹಸ್ತಪ್ರತಿ ಕೊಡುವ ಮುಂಚೆ ಹತ್ತು ಪುಟ ಕೊಟ್ಟು, ಬದಲಾಯಿಸಿದ ಪ್ರತಿಯನ್ನು ನೀವೇ ಒಂದು ಸಲ ಓದಿ ನೋಡಿ.